ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ: ಕನ್ನಂಬಾಡಿ ಹಿನ್ನೀರಿನಲ್ಲಿ ಕಲಿತವರು ಅಂಡಮಾನ್ ಸಮುದ್ರಕ್ಕೆ ಇಳಿಯಬಹುದೇ?

ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಮೂರು ಮಳೆಗಾಲಗಳಿಂದ ಕನ್ನಂಬಾಡಿ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿದ್ದೇವೆ. ಆಷಾಢದ ಪಡುವಣ ಗಾಳಿಗೆ ಎದುರಾಗಿ ಓರೆಯೋರೆಯಾಗಿ ಏರುವುದು, ಗಾಳಿ ಜೋರಾದಾಗ ಹಾಯಿಯನ್ನು ಸಡಿಲಿಸುವುದು, ಮಗುಚಿದ ದೋಣಿಯನ್ನು ನೀರಿನಲ್ಲಿದ್ದುಕೊಂಡೇ ನೆಟ್ಟಗೆ ಮಾಡುವುದು, ಇಷ್ಟು ಕೈಗೆ ಹತ್ತಿದೆ. ಮುಂದಿನ ವರ್ಷ ನನಗೆ ನಿವೃತ್ತಿ. ಥಾಯ್ಲೆಂಡಿನ ಫುಕೆಟ್‌ನಲ್ಲಿ ಒಂದು ದೋಣಿಯನ್ನು ಬಾಡಿಗೆಗೆ ಹಿಡಿದು, ದ್ವೀಪದಿಂದ ದ್ವೀಪಕ್ಕೆ ಸಾಗುತ್ತ, ಎರಡು ವಾರಗಳಲ್ಲಿ ಮಲೇಷ್ಯಾದ ಲಂಕಾವಿಯನ್ನು ತಲುಪಬೇಕೆಂಬುದು ನಮ್ಮ ಬಹುದಿನದ ಆಸೆ. ನಕ್ಷೆಯಲ್ಲಿ ಅಳೆದರೆ ನೇರ ದೂರ ಸುಮಾರು 120 ನಾಟಿಕಲ್ ಮೈಲಿ, ಅಂದರೆ 220 ಕಿಲೋಮೀಟರಿನ ಆಸುಪಾಸು ಬರುತ್ತದೆ.

ಹಿನ್ನೀರಿನಲ್ಲಿ ಕಲಿತ ವಿದ್ಯೆ ಸಮುದ್ರದಲ್ಲಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ? ಯಾವ ತಿಂಗಳು ಸೂಕ್ತ? ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ. ನನ್ನ ಪತ್ನಿಗೆ ಇನ್ನೊಂದು ಪ್ರಶ್ನೆಯಿದೆ: ರಾತ್ರಿ ಹೊತ್ತು ಸಮುದ್ರದ ಮೇಲೆ ಇಬ್ಬರೇ ಮಲಗುವುದು ಕ್ಷೇಮವೇ?

ಮಂಡ್ಯ (ನೌಕಾಪಡೆಯಿಂದ ನಿವೃತ್ತ)

ಸಣ್ಣ ದೋಣಿಯಲ್ಲಿ ಹಾಯಿಯ ಕೆಲಸ ಕಲಿತವರಿಗೆ ಗಾಳಿ ಎಲ್ಲಿಂದ ಬೀಸುತ್ತಿದೆ ಎಂಬುದು ಕೆನ್ನೆಗೇ ಗೊತ್ತಾಗುತ್ತದೆ. ಆ ವಿದ್ಯೆ ದೊಡ್ಡ ದೋಣಿಯಲ್ಲಿಯೂ ಕೈಬಿಡುವುದಿಲ್ಲ, ಆದ್ದರಿಂದ ತಾವು ಆರಂಭಿಸಿರುವ ದಾರಿ ಸರಿಯಾಗಿದೆ. ಆದರೆ ಉಬ್ಬರವಿಳಿತ, ನೀರಿನಡಿಯ ಹವಳ, ಲಂಗರು, ಈ ಮೂರನ್ನು ಹಿನ್ನೀರು ಕಲಿಸಲಾರದು. ತಮ್ಮ ಪ್ರವಾಸದಲ್ಲಿ ಪರೀಕ್ಷೆಗೆ ಬರುವುದು ಮುಖ್ಯವಾಗಿ ಅವೇ.

ನಮ್ಮ ಕಡೆಯವರು ಹಾಯಿದೋಣಿ ಎಂದೊಡನೆ ಮಹಾಸಾಗರದ ಸಾಹಸಗಳನ್ನು ನೆನೆಯುತ್ತಾರೆ. ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿಯವರು 2012-13ರಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ ಬಂದರು. 2018ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನಿಗೆ ತೀವ್ರವಾದ ಪೆಟ್ಟು ಮಾಡಿಕೊಂಡಮೇಲೂ, 2023ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು. ತಾರಿಣಿ ದೋಣಿಯಲ್ಲಿ 2017-18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳೂ, 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳೂ ಜಗತ್ತನ್ನು ಸುತ್ತಿದರು. ಅವರೆಲ್ಲರೂ ದಡದಿಂದ ಸಾವಿರಾರು ಮೈಲಿ ದೂರದಲ್ಲಿ ಅಲೆ ಮತ್ತು ಗಾಳಿಯೊಡನೆ ಹೋರಾಡಿದವರು. ದ್ವೀಪಗಳ ನಡುವೆ ಸಾಗುವವರ ಕಷ್ಟ ಬೇರೆ ರೀತಿಯದು. ಅಲ್ಲಿ ಪ್ರತಿ ದಿನವೂ ಒಂದು ದಡವನ್ನು ಬಿಡಬೇಕು, ಪ್ರತಿ ದಿನವೂ ಇನ್ನೊಂದು ದಡವನ್ನು ಸೇರಬೇಕು. ದೋಣಿ ಕೆಡುವುದು ಬಹುಮಟ್ಟಿಗೆ ಆ ಕೊನೆಯ ಅರ್ಧ ಮೈಲಿಯಲ್ಲಿಯೇ.

ತಮ್ಮ ಪತ್ನಿಯವರ ಪ್ರಶ್ನೆಗೆ ಉತ್ತರ: ಆ ದಾರಿಯಲ್ಲಿ ರಾತ್ರಿ ಸಾಗುವ ಅಗತ್ಯವೇ ಇಲ್ಲ. ದೋಣಿ ಗಂಟೆಗೆ ಐದು ನಾಟಿಕಲ್ ಮೈಲಿ ಸಾಗುತ್ತದೆ ಎಂದು ಹಿಡಿದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಲಂಗರು ಎತ್ತಿದರೆ ಮಧ್ಯಾಹ್ನ ಎರಡಕ್ಕೆ ಮೂವತ್ತು ಮೈಲಿ ಕಳೆದಿರುತ್ತದೆ. ಫುಕೆಟ್‌ನಿಂದ ಫಿ ಫಿ, ಅಲ್ಲಿಂದ ಕೊ ಲಂತಾ, ಕೊ ಮುಕ್, ನಡುವೆ ಇನ್ನೊಂದು ದ್ವೀಪದಲ್ಲಿ ತಂಗಿ, ಕೊನೆಗೆ ಗಡಿಯ ಬಳಿಯ ಕೊ ಲಿಪೆ, ಹೀಗೆ ಹಗಲಿನ ದಾರಿಗಳಾಗಿಯೇ ಎಲ್ಲವನ್ನೂ ತುಂಡುಮಾಡಬಹುದು. ರಾತ್ರಿಯಲ್ಲಿ ಆ ನೀರಿನ ತುಂಬ ಹಸಿರು ದೀಪ ಹಚ್ಚಿ ಕಣವೆ ಮೀನು (ಸ್ಕ್ವಿಡ್) ಹಿಡಿಯುವ ದೋಣಿಗಳೂ ಬಲೆಗಳೂ ಇರುತ್ತವೆ. ಎಂಜಿನ್ನಿನ ಪಂಖಕ್ಕೆ ಒಂದು ಹಗ್ಗ ಸುತ್ತಿಕೊಂಡರೆ ಕತ್ತಲಲ್ಲಿ ಬಿಡಿಸುವವರು ಯಾರು?

ಇನ್ನೊಂದು ಮಾತು. ಬಾಡಿಗೆಯ ದೋಣಿಯನ್ನು ದೇಶದ ಗಡಿ ದಾಟಿಸಲು ಮಾಲೀಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಲಂಕಾವಿಯ ಆಸೆಯನ್ನು ಮೊದಲ ಸಲಕ್ಕೆ ಬಿಟ್ಟು, ಕೊ ಲಿಪೆಯವರೆಗೆ ಹೋಗಿ ಹಿಂದಿರುಗುವುದು ಒಳ್ಳೆಯದು.

ವಿಜಯನಗರ, ಮೈಸೂರು

ನಾನು ಆ ಸಮುದ್ರದಲ್ಲಿ ಇತರರ ದೋಣಿಯಲ್ಲಿ ಸಹಾಯಕನಾಗಿ ಎರಡು ಹಂಗಾಮು ಕಳೆದವನು. ಕಾಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದ ಎಲ್ಲ ನಿರ್ಧಾರಗಳೂ ಇದರ ಬೆನ್ನಿಗೇ ಬರುತ್ತವೆ.

ನಮಗೆ ಮಳೆ ತರುವ ನೈರುತ್ಯ ಮಾರುತವೇ ಅಲ್ಲಿಯೂ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬೀಸುತ್ತದೆ. ಫುಕೆಟ್‌ನ ಪಡುವಣ ತೀರಕ್ಕೆ ಇಡೀ ಬಂಗಾಳ ಕೊಲ್ಲಿಯನ್ನು ದಾಟಿ ಬಂದ ಅಲೆ ಬಡಿಯುತ್ತದೆ. ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿಯೇ ಇಡುತ್ತಾರೆ. ನವೆಂಬರ್ ಬಂತೆಂದರೆ ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಈಶಾನ್ಯದಲ್ಲಿ ನೆಲವಿರುವುದರಿಂದ ಗಾಳಿ ಹಾಯಿಗೆ ಸಿಗುತ್ತದೆ, ಆದರೆ ಅಲೆ ಏಳಲು ಜಾಗವಿರುವುದಿಲ್ಲ. ಗಾಳಿ ಇದ್ದು ಅಲೆ ಇಲ್ಲದ ಸಮುದ್ರಕ್ಕಿಂತ ಹಾಯಿದೋಣಿಯವರು ಕೇಳಿಕೊಳ್ಳುವುದು ಬೇರೇನಿದೆ? ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳನ್ನು ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಗಾಳಿ ಬಿದ್ದುಹೋಗುತ್ತದೆ, ಬಿಸಿಲು ಸುಡುತ್ತದೆ. ಮಲಕ್ಕಾ ಜಲಸಂಧಿಯ ಕಡೆಗೆ ಹೋದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬೆಳಗಿನ ಜಾವದಲ್ಲಿ ಸುಮಾತ್ರಾ ದ್ವೀಪದ ಕಡೆಯಿಂದ ದಿಢೀರ್ ಬಿರುಗಾಳಿ ನುಗ್ಗುವುದುಂಟು. ಅದಕ್ಕೆ ನಾವಿಕರು ‘ಸುಮಾತ್ರಾ’ ಎಂದೇ ಹೆಸರಿಟ್ಟಿದ್ದಾರೆ.

ಪಾಂಡವಪುರ

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಕಣದಲ್ಲಿ ಹೇಳುವ ಮಾತನ್ನು ಇವರು ಸಮುದ್ರಕ್ಕೂ ಅನ್ವಯಿಸಿದ್ದಾರೆ. ನನ್ನದೊಂದು ಸಂದೇಹ. ಚಂಡಮಾರುತದ ಭಯವಿಲ್ಲವೇ? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಕೇಳಿದರೆ ಇಲ್ಲಿ ಕಟಾವಿಗೆ ಬಂದ ಭತ್ತ ಬಿಟ್ಟುಕೊಂಡು ನಾವು ಆಕಾಶ ನೋಡುತ್ತೇವೆ.

ವಿಜಯನಗರ, ಮೈಸೂರು

ಬಹಳ ಸರಿಯಾದ ಸಂದೇಹ. ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ ಎರಡು ಕಾಲ: ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಅವು ಬಹಳ ಅಪರೂಪ. ಭೂಮಿಯ ತಿರುಗುವಿಕೆ ಗಾಳಿಯನ್ನು ಸುಳಿಯಾಗಿ ತಿರುಚುವ ಶಕ್ತಿ ಭೂಮಧ್ಯರೇಖೆಯ ಹತ್ತಿರ ತೀರ ಕಡಿಮೆಯಿರುವುದರಿಂದ, ರೇಖೆಯಿಂದ ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದೂ ಅಪರೂಪವೇ. ಲಂಕಾವಿ ಆರು ಡಿಗ್ರಿಯ ಮೇಲಿದೆ, ಫುಕೆಟ್ ಎಂಟರ ಹತ್ತಿರ.

ಆದರೂ ಭೂಪಟವನ್ನು ನಂಬಿ ಮೈಮರೆಯಬಾರದು. ಕೆರಿಬಿಯನ್ ದ್ವೀಪಗಳಲ್ಲಿ ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲದಲ್ಲಿ ದೋಣಿಗಳು ದಕ್ಷಿಣದ ಗ್ರೆನಡಾಕ್ಕೆ ಹೋಗಿ ತಂಗುವುದು ರೂಢಿ. ಅದೇ ಗ್ರೆನಡಾವನ್ನು 2004ರಲ್ಲಿ ಐವನ್ ಚಂಡಮಾರುತ ಹಾಳುಗೆಡವಿತು, 2024ರ ಜುಲೈ ಆರಂಭದಲ್ಲಿ ಬೆರಿಲ್ ಅದೇ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಪ್ರತಿ ದಿನ ಹವಾಮಾನ ನೋಡದೆ ಲಂಗರು ಎತ್ತಬಾರದು, ತಿಂಗಳು ಯಾವುದೇ ಇರಲಿ.

ಮದ್ದೂರು

ಪರದೇಶಕ್ಕೆ ಏಕೆ ಹೋಗಬೇಕು? ನಮ್ಮ ಲಕ್ಷದ್ವೀಪ, ಅಂಡಮಾನ್ ಇಲ್ಲವೇ?

ಮಂಡ್ಯ (ನೌಕಾಪಡೆಯಿಂದ ನಿವೃತ್ತ)

ನನಗೂ ಅದೇ ಆಸೆ, ಆದರೆ ಮೊದಲ ಪ್ರವಾಸಕ್ಕೆ ಅವು ಹೊಂದುವುದಿಲ್ಲ. ಕೊಚ್ಚಿಯಿಂದ ಕವರತ್ತಿಗೆ 404 ಕಿಲೋಮೀಟರ್. ಅಂದರೆ ಎರಡು ಹಗಲು ಎರಡು ರಾತ್ರಿ ತೆರೆದ ಸಮುದ್ರದಲ್ಲಿ ಸರದಿಯ ಮೇಲೆ ಎಚ್ಚರವಿದ್ದು ದೋಣಿ ನಡೆಸಬೇಕು. ತಲುಪಿದ ಮೇಲೆ ಹವಳದ ಗೋಡೆಯ ನಡುವಿನ ಕಿರಿದಾದ ಬಾಯಿಯಿಂದ ಒಳನೀರಿಗೆ ನುಗ್ಗಬೇಕು. ಲಕ್ಷದ್ವೀಪದ ಬಹುತೇಕ ದ್ವೀಪಗಳಲ್ಲಿ ನೆಲ ಮೂಡಣಕ್ಕೂ ಒಳನೀರು ಪಡುವಣಕ್ಕೂ ಇರುತ್ತದೆ. ಆ ಒಳನೀರಿನ ಸೊಬಗನ್ನು ಬೇರೆಲ್ಲಿಯೂ ಕಾಣೆ, ಆದರೆ ಪ್ರವೇಶಕ್ಕೆ ಭಾರತೀಯರಾದ ನಮಗೂ ಅನುಮತಿ ಪತ್ರ ಬೇಕು. ಅಂಡಮಾನಿನಲ್ಲಿಯೂ ಮೂಲನಿವಾಸಿಗಳ ರಕ್ಷಣೆಗಾಗಿ ಅನೇಕ ದ್ವೀಪಗಳ ಹತ್ತಿರ ಸುಳಿಯುವಂತಿಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿ ನಿಷೇಧವಿದೆ, ಅದು ಇರಲೇಬೇಕಾದ ನಿಷೇಧ.

ಮೇಲಾಗಿ, ಕಲಿಯುವವರಿಗೆ ಬಾಡಿಗೆ ದೋಣಿಗಳೂ ಕಟ್ಟುಬೋಯಗಳೂ (ದೋಣಿ ಕಟ್ಟಿಹಾಕಲು ತಳಕ್ಕೆ ಬಿಗಿದು ತೇಲಿಬಿಟ್ಟ ಬುರುಡೆಗಳು) ದುರಸ್ತಿಯವರೂ ಹತ್ತಿರವಿರುವ ಜಾಗವೇ ಲೇಸು. ಫುಕೆಟ್ ಬೇಡವೆಂದರೆ ಸೀಶೆಲ್ಸ್ ಇದೆ. ಮಾಹೆ, ಪ್ರಾಲಿನ್, ಲಾ ಡಿಗ್ ಮೂರೂ ಒಂದೊಂದು ಹಗಲಿನ ಒಳಗೇ ಸಿಗುವ ದ್ವೀಪಗಳು.

ಕುವೆಂಪುನಗರ, ಮೈಸೂರು

ನಾನೂ ನನ್ನ ಯಜಮಾನರೂ ಒಂದು ಫೆಬ್ರವರಿಯಲ್ಲಿ ಇದೇ ದಾರಿಯಲ್ಲಿ ಹನ್ನೊಂದು ದಿನ ಇದ್ದೆವು. ಹಿರಿಯರು ಹೇಳಿದ ‘ಕೊನೆಯ ಅರ್ಧ ಮೈಲಿ’ಯ ಮಾತು ನಿಜ. ಅದಕ್ಕೆ ನಮ್ಮ ಅನುಭವವನ್ನೇ ಸಾಕ್ಷಿಯಾಗಿ ಕೊಡುತ್ತೇನೆ.

ಆರನೆಯ ದಿನ ದಾರಿಯಲ್ಲಿ ಈಜಾಡುತ್ತ ತಡಮಾಡಿ, ಒಂದು ಸಣ್ಣ ಕೊಲ್ಲಿಯನ್ನು ಸೇರುವಾಗ ಸಂಜೆ ಐದೂವರೆ ಆಗಿತ್ತು. ಒಳ್ಳೆಯ ಜಾಗಗಳಲ್ಲೆಲ್ಲ ಬೇರೆಯವರ ದೋಣಿಗಳಿದ್ದವು. ಸೂರ್ಯ ಕೆಳಗಿಳಿದಿದ್ದರಿಂದ ನೀರು ಕನ್ನಡಿಯಂತೆ ಹೊಳೆಯುತ್ತಿತ್ತೇ ಹೊರತು ತಳ ಮರಳೋ ಕಲ್ಲೋ ತಿಳಿಯುತ್ತಿರಲಿಲ್ಲ. ಒಂಬತ್ತು ಮೀಟರ್ ಆಳದಲ್ಲಿ ಲಂಗರು ಬಿಟ್ಟೆವು. ಪಕ್ಕದ ದೋಣಿಗೆ ತಗಲೀತೆಂದು ಮೂವತ್ತು ಮೀಟರ್ ಸರಪಳಿಯನ್ನಷ್ಟೇ ಹಾಕಿದೆವು. ಮಲಗುವ ಮುನ್ನ ದಡದ ಮೇಲಿನ ಒಂದು ದೀಪವೂ ಅದರ ಹಿಂದಿನ ಬಂಡೆಯ ತುದಿಯೂ ಒಂದೇ ಗೆರೆಯಲ್ಲಿ ಕಾಣುವುದನ್ನು ನಾನು ಗುರುತು ಹಾಕಿಕೊಂಡಿದ್ದೆ.

ರಾತ್ರಿ ಎರಡರ ಹೊತ್ತಿಗೆ ಗುಡ್ಡದ ಮೇಲಿನಿಂದ ಗಾಳಿ ಇಳಿಯಿತು. ದೋಣಿಯ ಸದ್ದು ಬದಲಾದದ್ದು ನನಗೆ ನಿದ್ದೆಯಲ್ಲಿಯೇ ತಿಳಿಯಿತು. ಮೇಲೆ ಬಂದು ನೋಡಿದರೆ ದೀಪ ಬಂಡೆಯನ್ನು ಬಿಟ್ಟು ಬಲಕ್ಕೆ ಒಂದು ಗೇಣಿನಷ್ಟು ಸರಿದಿತ್ತು. ಮುಂಭಾಗಕ್ಕೆ ಹೋಗಿ ಸರಪಳಿಯ ಮೇಲೆ ಅಂಗೈ ಇಟ್ಟೆ. ಲಂಗರು ಕಚ್ಚಿಕೊಂಡಿದ್ದರೆ ಸರಪಳಿ ಬಿಗಿಯುತ್ತದೆ, ಸಡಿಲಾಗುತ್ತದೆ, ಅಷ್ಟೆ. ಅಂದು ಅದು ಜಲ್ಲಿಯ ರಸ್ತೆಯ ಮೇಲೆ ಎತ್ತಿನ ಗಾಡಿ ಹೋಗುವಾಗ ಮೂಕಿ ಹಿಡಿದಂತೆ ಗರಗರ ನಡುಗುತ್ತಿತ್ತು. ಲಂಗರು ಕಲ್ಲಿನ ಮೇಲೆ ಉಜ್ಜಿಕೊಂಡು ಬರುತ್ತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಎಂಜಿನ್ ಹಚ್ಚಿ ಸರಪಳಿ ಎತ್ತೋಣವೆಂದರೆ ಅದನ್ನು ಎಳೆಯುವ ವಿದ್ಯುತ್ ರಾಟೆ ಅರ್ಧಕ್ಕೆ ನಿಂತಿತು. ಬಾಡಿಗೆ ಕೊಟ್ಟವರು ಅದು ಆಗಾಗ ನಿಲ್ಲುತ್ತದೆ ಎಂಬುದನ್ನು ನಮಗೆ ಹೇಳಿರಲಿಲ್ಲ. ನಮ್ಮ ಯಜಮಾನರು ಕೈಯಿಂದ ಎಳೆಯುತ್ತ, ನಾನು ದೋಣಿಯನ್ನು ಗಾಳಿಗೆ ಮುಖವಾಗಿ ನಿಲ್ಲಿಸುತ್ತ, ಹಿಂದಿನ ಹವಳದ ದಿಬ್ಬಕ್ಕೆ ಮೂವತ್ತು ಮೀಟರೂ ಇಲ್ಲದಿರುವಾಗ ಲಂಗರು ಮೇಲೆ ಬಂತು. ಕೊಲ್ಲಿಯ ಹೊರಗೆ ಆಳದ ನೀರಿನಲ್ಲಿ ನಿಧಾನವಾಗಿ ಸುತ್ತುತ್ತ ಬೆಳಗು ಮಾಡಿದೆವು. ಆ ರಾತ್ರಿ ಹೊರಗಿನ ಸಮುದ್ರವೇ ನಮಗೆ ತಾಯಿಯ ಮಡಿಲಿನಂತೆ ಇತ್ತು. ಮೂರು ಗಂಟೆ ಮೊದಲು ಆ ಕೊಲ್ಲಿಗೆ ಬಂದಿದ್ದರೆ ತಳ ಕಾಣುತ್ತಿತ್ತು, ಮರಳಿನ ಜಾಗ ಸಿಗುತ್ತಿತ್ತು, ಈ ಯಾವುದೂ ನಡೆಯುತ್ತಿರಲಿಲ್ಲ.

ಸರಸ್ವತಿಪುರಂ, ಮೈಸೂರು

ಮೇಡಂ, ಇದನ್ನು ನನ್ನ ಪತ್ನಿಗೆ ಓದಿ ಹೇಳಿದೆ. ಅವಳು ಹೆದರುತ್ತಾಳೆಂದುಕೊಂಡಿದ್ದೆ, ಆದರೆ ‘ದೀಪ ಮತ್ತು ಬಂಡೆಯ ಗುರುತನ್ನು ನಾನೇ ನೋಡಿಕೊಳ್ಳುತ್ತೇನೆ’ ಎಂದಳು. ಸರಪಳಿ ಎಷ್ಟು ಬಿಡಬೇಕೆಂಬುದಕ್ಕೆ ಲೆಕ್ಕವಿದೆಯೇ?

ಮಂಡ್ಯ (ನೌಕಾಪಡೆಯಿಂದ ನಿವೃತ್ತ)

ಇದೆ, ಮತ್ತು ಅದನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಆಳಮಾಪಕ ತೋರಿಸುವ ಆಳವೊಂದೇ ಲೆಕ್ಕಕ್ಕೆ ಸಾಲದು. ಇಳಿತದ ಸಮಯದಲ್ಲಿ 8 ಮೀಟರ್ ಆಳವಿದೆಯೆನ್ನಿ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಫುಕೆಟ್ ಕಡೆ ಉಬ್ಬರ ಎರಡರಿಂದ ಮೂರು ಮೀಟರ್ ಏರುತ್ತದೆ, ಎರಡೂವರೆ ಹಿಡಿಯಿರಿ. ನೀರಿನ ಮಟ್ಟದಿಂದ ದೋಣಿಯ ಮೂತಿಗೆ ಇನ್ನೊಂದೂವರೆ ಮೀಟರ್. ಒಟ್ಟು 12. ಅದರ ಐದರಷ್ಟು, ಅಂದರೆ 60 ಮೀಟರ್ ಸರಪಳಿ. ಗಾಳಿ ಹೆಚ್ಚುವ ಸೂಚನೆಯಿದ್ದರೆ ಏಳರಷ್ಟು. ಹತ್ತು ಮಿಲಿಮೀಟರ್ ದಪ್ಪದ ಸರಪಳಿ ಮೀಟರಿಗೆ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ನೆಲದ ಮೇಲೆ ಮಲಗಿರುವ ಆ ಭಾರವೇ ಎಳೆತವನ್ನು ಅಡ್ಡವಾಗಿಸುತ್ತದೆ. ಎಳೆತ ಅಡ್ಡವಾಗಿದ್ದರೆ ಲಂಗರು ನೇಗಿಲಿನ ಗುಳದಂತೆ ಒಳಕ್ಕೆ ಹೂತುಕೊಳ್ಳುತ್ತದೆ, ಮೇಲ್ಮುಖವಾದರೆ ಕಿತ್ತುಬರುತ್ತದೆ. ಕುವೆಂಪುನಗರದ ಅಮ್ಮನವರ ದೋಣಿಯಲ್ಲಿ ಇದ್ದದ್ದು ಮೂರರಷ್ಟು ಮಾತ್ರ.

ಬಿಟ್ಟ ಮೇಲೆ ಎಂಜಿನ್ನನ್ನು ನಿಧಾನವಾಗಿ ಹಿಂದಕ್ಕೆ ನಡೆಸಿ, ದೋಣಿ ತಡೆದು ನಿಲ್ಲುವುದನ್ನು ನೋಡಬೇಕು. ಆಮೇಲೆ ಈಜುಗನ್ನಡಕ ಹಾಕಿಕೊಂಡು ನೀರಿಗಿಳಿದು ಲಂಗರನ್ನು ಕಣ್ಣಾರೆ ಕಾಣಬೇಕು. ಹವಳದ ಮೇಲೆ ಎಂದೂ ಬಿಡಬೇಡಿ. ನೂರಾರು ವರ್ಷ ಬೆಳೆದದ್ದು ಒಂದು ಸರಪಳಿಯ ಉಜ್ಜಿಗೆ ಪುಡಿಯಾಗುತ್ತದೆ. ಉದ್ಯಾನಗಳಲ್ಲಿ ಕಟ್ಟುಬೋಯಗಳನ್ನು ತೇಲಿಬಿಟ್ಟಿರುತ್ತಾರೆ, ಅವುಗಳಿಗೇ ಕಟ್ಟಿ.

ಬೋಗಾದಿ, ಮೈಸೂರು

ಈಗ ಪ್ರತಿಯೊಂದು ದೋಣಿಯಲ್ಲಿಯೂ ಜಿಪಿಎಸ್ ನಕ್ಷೆಯ ಪರದೆ ಇರುತ್ತದೆ. ನೀರಿನ ಬಣ್ಣ ನೋಡಿ ಹೋಗುವುದು ಹಳೆಯ ಕಾಲದ ಮಾತಲ್ಲವೇ?

ವಿಜಯನಗರ, ಮೈಸೂರು

ಇದನ್ನು ನಾನು ಒಪ್ಪುವುದಿಲ್ಲ. ಜಿಪಿಎಸ್ ದೋಣಿ ಎಲ್ಲಿದೆ ಎಂಬುದನ್ನು ಕೆಲವೇ ಮೀಟರಿನ ವ್ಯತ್ಯಾಸದಲ್ಲಿ ಹೇಳುತ್ತದೆ, ನಿಜ. ಹವಳ ಎಲ್ಲಿದೆ ಎಂಬುದನ್ನು ಹೇಳಬೇಕಾದದ್ದು ನಕ್ಷೆ. ದೂರದ ದ್ವೀಪಗಳ ನಕ್ಷೆಗಳಲ್ಲಿ ಕೆಲವು ಬಹಳ ಹಿಂದಿನ ಅಳತೆಗಳನ್ನೇ ಆಧರಿಸಿವೆ, ಮತ್ತು ಹವಳವಾದರೋ ಬೆಳೆಯುವ ಜೀವ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಸೂರ್ಯ ನೆತ್ತಿಯ ಮೇಲೋ ಬೆನ್ನ ಹಿಂದೋ ಇರುವಾಗ, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಒಬ್ಬರು ಮೂತಿಯ ಮೇಲೆ ನಿಲ್ಲಬೇಕು. ಕಡುನೀಲಿ ಎಂದರೆ ಆಳ. ಹಸಿರುಗೂಡಿದ ತಿಳಿನೀಲಿ ಎಂದರೆ ಮರಳಿನ ತಳ. ಬಣ್ಣ ತಿಳಿಯಾದಷ್ಟೂ ಆಳ ಕಡಿಮೆ. ಕಂದು ಅಥವಾ ಹಳದಿ ಕಂಡರೆ ಅದು ಹವಳ, ಅತ್ತ ಹೋಗಲೇಬಾರದು. ಮೋಡದ ನೆರಳು ಬಿದ್ದರೆ ಮರಳೂ ಹವಳದಂತೆಯೇ ಕಾಣುತ್ತದೆ. ಆಗ ದೋಣಿ ನಿಲ್ಲಿಸಿ ಮೋಡ ಸರಿಯುವವರೆಗೆ ಕಾಯಬೇಕು. ಪರದೆ ಇರಲಿ, ಅದನ್ನು ನೋಡಿ ಹೊರಡಿ. ತಲುಪುವಾಗ ಕಣ್ಣನ್ನೇ ನಂಬಿ.

ಜಯಲಕ್ಷ್ಮೀಪುರಂ, ಮೈಸೂರು

ನಾನು ಆಹಾರ ಸಂಸ್ಕರಣೆಯ ಕೆಲಸದಲ್ಲಿದ್ದವಳು, ಆದ್ದರಿಂದ ಅಡುಗೆಮನೆಯ ಕಡೆಯಿಂದ ನಾಲ್ಕು ಮಾತು. ನಮ್ಮ ಊರಿನಲ್ಲಿಯೇ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರಿಗೆ ಭಾರತದ ತಿನಿಸು ಕೊಟ್ಟದ್ದು ಅದೇ. ಬಿಸಿ ಮಾಡಿ ತಿನ್ನುವ ಉಪ್ಪಿಟ್ಟು, ಪಲಾವಿನ ಪೊಟ್ಟಣಗಳು ಈಗ ಅಂಗಡಿಗಳಲ್ಲಿಯೂ ಸಿಗುತ್ತವೆ. ಅಲೆ ಜೋರಾಗಿದ್ದು ಒಲೆಯ ಮುಂದೆ ನಿಲ್ಲಲಾಗದ ದಿನಕ್ಕೆಂದು ಆರೇಳು ಇರಲಿ. ಉಳಿದಂತೆ ರಾಗಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಮೊಳಕೆ ಕಟ್ಟಲು ಹುರುಳಿ. ಹುರಿಹಿಟ್ಟಿಗೆ ಒಲೆಯೇ ಬೇಡ. ಕುಕ್ಕರ್ ಮರೆಯಬೇಡಿ, ದೋಣಿ ವಾಲಿದರೂ ಮುಚ್ಚಳ ಬಿಗಿದ ಪಾತ್ರೆಯಿಂದ ಬಿಸಿಯ ಸಾರು ಮೈಮೇಲೆ ಚೆಲ್ಲುವುದಿಲ್ಲ.

ರಟ್ಟಿನ ಪೆಟ್ಟಿಗೆಗಳನ್ನು ದೋಣಿಗೆ ಹತ್ತಿಸಬೇಡಿ, ಅವುಗಳ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆಗಳಿರುತ್ತವೆ. ಬಾಳೆಗೊನೆಯನ್ನು ಇಡಿಯಾಗಿ ತೂಗುಹಾಕುವ ಆಸೆಯೂ ಬೇಡ. ಇಡೀ ಗೊನೆ ಎರಡೇ ದಿನದಲ್ಲಿ ಒಟ್ಟಿಗೆ ಹಣ್ಣಾಗಿ ಕುಳಿತುಬಿಡುತ್ತದೆ. ಸಿಹಿನೀರಿನ ತೊಟ್ಟಿ ಎಷ್ಟು ದೊಡ್ಡದಿದ್ದರೂ, ಕುಡಿಯುವ ನೀರನ್ನು ಬೇರೆ ಕ್ಯಾನುಗಳಲ್ಲಿ ಇಟ್ಟುಕೊಳ್ಳಿ. ತೊಟ್ಟಿ ಸೋರಿದರೂ ಕೆಟ್ಟರೂ ಗಂಟಲಿಗೆ ಕೊರತೆಯಾಗಬಾರದು.

ನಂಜನಗೂಡು (ವೈದ್ಯ)

ಕಡಲ ವಾಕರಿಕೆಗೆ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು. ಯಾವುದು ತಮಗೆ ಆಗಿಬರುತ್ತದೆ ಎಂದು ತಮ್ಮ ವೈದ್ಯರನ್ನು ಕೇಳಿ. ಮೊದಲ ಎರಡು ಮೂರು ದಿನ ಕೆಳಗಿನ ಕೋಣೆಯಲ್ಲಿ ತಲೆ ಬಗ್ಗಿಸಿ ಓದುವುದು ಬೇಡ, ದಿಗಂತವನ್ನು ನೋಡುತ್ತ ಚುಕ್ಕಾಣಿ ಹಿಡಿದು ಕುಳಿತರೆ ಬಹುಪಾಲು ಜನರಿಗೆ ಸರಿಹೋಗುತ್ತದೆ. ಹವಳ ತರಚಿದ ಗಾಯವನ್ನು ಚಿಕ್ಕದೆಂದು ಬಿಡಬಾರದು. ಒಳಗೆ ಉಳಿದ ಚೂರುಗಳಿಂದ ಕೀವಾಗುತ್ತದೆ, ಆದ್ದರಿಂದ ಸೋಪು ಮತ್ತು ಸಿಹಿನೀರಿನಿಂದ ಉಜ್ಜಿ ತೊಳೆಯಬೇಕು. ಅಲ್ಲಿನ ನೀರಿನಲ್ಲಿ ಪೆಟ್ಟಿಗೆಯಾಕಾರದ ವಿಷದ ಲೋಳೆಮೀನು (ಜೆಲ್ಲಿಫಿಶ್) ಇರುವುದರಿಂದ ಒಂದು ಬಾಟಲಿ ವಿನೆಗರ್ ಇರಲಿ. ಕುಟುಕಿದ ಜಾಗವನ್ನು ಉಜ್ಜದೆ ಅದನ್ನು ಸುರಿದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸರಸ್ವತಿಪುರಂ, ಮೈಸೂರು

ಎಲ್ಲರ ಮಾತುಗಳನ್ನೂ ಓದಿ, ನಾವಿಬ್ಬರೂ ಕುಳಿತು ಹೀಗೆ ನಿರ್ಧರಿಸಿದೆವು. ಮೊದಲು ಐದು ದಿನದ ಸಹಾಯಕರ ತರಬೇತಿ, ಆಮೇಲೆ ಐದು ದಿನದ ದೋಣಿ ನಾಯಕರ ತರಬೇತಿ, ಎರಡನ್ನೂ ಸಮುದ್ರದಲ್ಲಿಯೇ ಪಡೆಯುತ್ತೇವೆ. ಫೆಬ್ರವರಿಯಲ್ಲಿ ಫುಕೆಟ್‌ನಿಂದ ಕೊ ಲಿಪೆಗೆ ಹೋಗಿ ಹಿಂದಿರುಗುತ್ತೇವೆ. ಮೊದಲ ನಾಲ್ಕು ದಿನ ಅಲ್ಲಿಯ ಒಬ್ಬ ಅನುಭವಿ ನಾವಿಕರನ್ನು ಜೊತೆಗಿಟ್ಟುಕೊಳ್ಳುತ್ತೇವೆ. ಎಲ್ಲಿಗೇ ಹೋದರೂ ಮಧ್ಯಾಹ್ನ ಎರಡರೊಳಗೆ ಲಂಗರು ಹಾಕಿರಬೇಕೆಂದು ಪತ್ನಿ ಈಗಲೇ ಕಾಗದದ ಮೇಲೆ ಬರೆದಿಟ್ಟಿದ್ದಾಳೆ.

ಕಳೆದ ಭಾನುವಾರ ಹಿನ್ನೀರಿಗೆ ಹೋಗಿ, ಹಗ್ಗಕ್ಕೆ ಐದೈದು ಮೀಟರಿಗೆ ಬಣ್ಣದ ದಾರ ಕಟ್ಟಿ, ನಾಲ್ಕು ಮೀಟರ್ ಆಳದಲ್ಲಿ ಸಣ್ಣ ಲಂಗರು ಬಿಟ್ಟು ನೋಡಿದೆವು. ಹತ್ತು ಮೀಟರ್ ಬಿಟ್ಟಾಗ ಮೂರು ಸಲವೂ ಜಾರಿತು. ಇಪ್ಪತ್ತೈದು ಬಿಟ್ಟಾಗ ಇಬ್ಬರೂ ಹುಟ್ಟು ಹಾಕಿ ಎಳೆದರೂ ಕದಲಲಿಲ್ಲ. ಮೇಲೆತ್ತಿದಾಗ ಅದರ ತುಂಬ ಕಪ್ಪು ಜೇಡಿ ಮೆತ್ತಿಕೊಂಡಿತ್ತು. ದೋಣಿಯನ್ನು ವಹಿಸಿಕೊಳ್ಳುವ ದಿನ ವಿಶೇಷವಾಗಿ ಏನನ್ನು ನೋಡಬೇಕು, ಹೇಳುತ್ತೀರಾ?

ಕುವೆಂಪುನಗರ, ಮೈಸೂರು

ಸರಪಳಿಯನ್ನು ಪೂರ್ತಿ ಬಿಡಿಸಿ ಪೂರ್ತಿ ಎತ್ತಿಸಿ, ರಾಟೆ ಎಲ್ಲಿಯೂ ನಿಲ್ಲದಿರುವುದನ್ನು ಕಣ್ಣಾರೆ ನೋಡಿಯೇ ಸಹಿ ಹಾಕಿ. ಅದು ನಿಂತರೆ ಕೈಯಿಂದ ತಿರುಗಿಸುವ ಹಿಡಿ ಎಲ್ಲಿದೆ ಎಂದು ಕೇಳಿ, ತಾವೇ ಒಮ್ಮೆ ತಿರುಗಿಸಿ.

ಮಂಡ್ಯ (ನೌಕಾಪಡೆಯಿಂದ ನಿವೃತ್ತ)

ಪೂರ್ತಿ ಬಿಡಿಸಿದಾಗ ಸರಪಳಿಯ ಕಟ್ಟಕಡೆಯ ಕೊಂಡಿಯನ್ನೂ ನೋಡಿ. ಅದು ದೋಣಿಗೆ ಕಬ್ಬಿಣದ ಕೊಕ್ಕೆಯಿಂದ ಬಿಗಿದಿರಬಾರದು, ಹಗ್ಗದಿಂದ ಕಟ್ಟಿರಬೇಕು, ಮತ್ತು ಆ ಹಗ್ಗ ದೋಣಿಯ ಮೇಲಟ್ಟದ (ಡೆಕ್) ಮೇಲಕ್ಕೆ ಬರುವಷ್ಟು ಉದ್ದವಿರಬೇಕು. ದೋಣಿ ಹವಳದ ಕಡೆಗೆ ಸರಿಯುತ್ತಿದ್ದು ಲಂಗರು ಎತ್ತಲು ಸಮಯವೇ ಇಲ್ಲದಿದ್ದರೆ, ತುದಿಗೆ ಒಂದು ತೇಲುಬುರುಡೆ ಕಟ್ಟಿ, ಹಗ್ಗವನ್ನು ಕತ್ತರಿಸಿ ಹೊರಟುಬಿಡಬಹುದು. ಬೆಳಕಾದ ಮೇಲೆ ಬಂದು ಬುರುಡೆ ಹುಡುಕಿ ಲಂಗರು ಎತ್ತಿಕೊಂಡರಾಯಿತು. ಅದಕ್ಕೊಂದು ಹರಿತವಾದ ಚಾಕುವನ್ನು ಮೂತಿಯ ಬಳಿಯೇ, ಇಬ್ಬರ ಕೈಗೂ ಕತ್ತಲಲ್ಲಿ ಸಿಗುವಂತೆ ಕಟ್ಟಿಡಿ.